ಕಳ್ಳದಾರಿಗೂ ರಿಪೇರಿ ಬೇಕೆ?

ಅರಣ್ಯ ಇಲಾಖೆಯ ಪಟ್ಟಿಯಲ್ಲಿಲ್ಲದ ಚಾರಣದ ಹಾದಿಗಳನ್ನು ದುರಸ್ತಿ ಮಾಡಬೇಕೋ ಬೇಡವೋ ಎಂಬ ಚರ್ಚೆ ಕಾನೂನಿನಿಂದ ಶುರುವಾಗಿ ಕಾನೂನಿನಲ್ಲೇ ಮುಗಿಯುವುದು ರೂಢಿ. ಅನುಮತಿಯೇ ಇಲ್ಲದ ದಾರಿಗೆ ದುರಸ್ತಿ ಎಂಥದ್ದು, ಮಾಡಿದರೆ ಒಪ್ಪಿಗೆ ಕೊಟ್ಟ ಹಾಗಲ್ಲವೇ ಎಂದು ಅಧಿಕಾರಿಗಳು ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಕಾಲಿಡಲಿಕ್ಕೇ ಪರವಾನಗಿ ಬೇಕಾದ್ದರಿಂದ ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ಮಣ್ಣು–ನೀರು ಸಂರಕ್ಷಣೆಯನ್ನೇ ಕಸುಬು ಮಾಡಿಕೊಂಡ ನನ್ನಂಥವರ ಕಣ್ಣಿಗೆ ಕಾಲುದಾರಿ ಮೊದಲು ಬೀಳುವುದು ನೀರು ಹರಿಯುವ ಜಾಗವಾಗಿ. ಅದು ಅಧಿಕೃತವೋ ಅಲ್ಲವೋ ಎಂಬುದು ಆಮೇಲಿನ ಮಾತು.

ಕುಮಾರ ಪರ್ವತವನ್ನೇ ತೆಗೆದುಕೊಳ್ಳಿ. ಪುಷ್ಪಗಿರಿ ಅಭಯಾರಣ್ಯದ ಈ ಶಿಖರದ ಎತ್ತರ 1,712 ಮೀಟರ್. ಕುಕ್ಕೆಯಿಂದ ಹೊರಟರೆ ಹದಿಮೂರು ಕಿಲೋಮೀಟರ್ ಆಸುಪಾಸಿನಲ್ಲಿ ಸುಮಾರು 1,600 ಮೀಟರ್ ಮೇಲೇರಬೇಕು. ಅಂದರೆ ಸರಾಸರಿ ಇಳಿಜಾರೇ ಶೇಕಡಾ 12. ಮಣ್ಣಿನ ಕಾಲುದಾರಿ ಬಾಳಿಕೆ ಬರಬೇಕಾದರೆ ಇಳಿಜಾರು ಶೇಕಡಾ 10ರ ಒಳಗಿರಬೇಕು, ಗುಡ್ಡದ ಓರೆಯ ಅರ್ಧಕ್ಕಿಂತ ಹೆಚ್ಚಿರಬಾರದು ಎನ್ನುವುದು ಹಾದಿ ಕಟ್ಟುವವರ ಲೆಕ್ಕ. ಭಟ್ಟರ ಮನೆ ದಾಟಿ ಕಲ್ಲುಮಂಟಪದ ಕಡೆಗೆ ಬೋಳುಗುಡ್ಡ ಹತ್ತುವಾಗ ಈ ಲೆಕ್ಕ ಪೂರ್ತಿ ಕೈಬಿಡುತ್ತದೆ. ದಾರಿ ನೇರ ಏರುತ್ತದೆ, ನೀರು ಅದೇ ಗೆರೆ ಹಿಡಿದು ಇಳಿಯುತ್ತದೆ.

ಇಲ್ಲಿರುವುದು ಅಧಿಕೃತ ಹಾದಿಯೇ. ಕಳ್ಳದಾರಿ ಹುಟ್ಟುವುದು ಅದರ ಪಕ್ಕದಲ್ಲಿ. ತುಳಿದು ತುಳಿದು ಗಟ್ಟಿಯಾದ ನೆಲ ನೀರು ಕುಡಿಯುವುದಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆ ಅದರ ಮೇಲೆ ಹರಿದು ಒಂದೆರಡು ಮಳೆಗಾಲದಲ್ಲಿ ಮೊಣಕಾಲುದ್ದದ ಕೊರಕಲು ಮಾಡಿಬಿಡುತ್ತದೆ. ಕೊರಕಲಿನ ಅಂಚಿನಲ್ಲಿ ಹುಲ್ಲಿನ ಬುಡ ಬೇರು ಸಮೇತ ಜೋತಾಡುತ್ತಿರುತ್ತದೆ. ತಳದಲ್ಲಿ ಗುಂಡಿನಂಥ ಜಲ್ಲಿ, ಕಾಲಿಟ್ಟರೆ ಜಾರು. ಯಾರೂ ಅದರೊಳಗೆ ನಡೆಯುವುದಿಲ್ಲ, ಪಕ್ಕದ ಹುಲ್ಲಿನ ಮೇಲೆ ಹೋಗುತ್ತಾರೆ. ಅಲ್ಲೊಂದು ಹೊಸ ಗೆರೆ ಬೀಳುತ್ತದೆ, ಮರುವರ್ಷ ಅದೂ ಕೊರಕಲು. ಹೀಗೆ ಒಂದು ದಾರಿ ಮೂರಾಗಿ, ಮೂರು ಐದಾಗಿ ಹುಲ್ಲುಗಾವಲೇ ಸೀಳಿಹೋಗುತ್ತದೆ. ಇಲಾಖೆ ಇವುಗಳನ್ನು ಗುರುತಿಸದೆ ಬಿಟ್ಟರೆ ಕಾಡು ಹಾಗೇ ಉಳಿಯುತ್ತದೆ ಎಂಬ ನಂಬಿಕೆ ಮುಂಗಾರಿನ ಜಿಲ್ಲೆಗಳಲ್ಲಿ ನಿಲ್ಲುವುದಿಲ್ಲ.

ತುಳಿತದ ಹಾನಿಗೊಂದು ಸ್ವಭಾವವಿದೆ. ಹುಲ್ಲು ನೆಲಕಚ್ಚುವುದು, ಮಣ್ಣು ಬಿಗಿಯುವುದು ಮುಂತಾದ ಹೆಚ್ಚಿನ ಹಾನಿಯೆಲ್ಲ ಮೊದಲ ಕೆಲವು ಓಡಾಟದಲ್ಲೇ ಆಗಿಹೋಗುತ್ತದೆ. ಆಮೇಲೆ ಜನ ಹತ್ತು ಪಟ್ಟು ಹೆಚ್ಚಿದರೂ ಹಾನಿ ಹತ್ತು ಪಟ್ಟಾಗುವುದಿಲ್ಲ. ಇದು ಬಹಳ ದೇಶಗಳಲ್ಲಿ ಅಳೆದು ನೋಡಿದ ಸಂಗತಿ. ಹಾಗಾಗಿ ಜನ ಹೆಚ್ಚಿರುವ ಗುಡ್ಡದಲ್ಲಿ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಡೆಸಿ ಆ ಗೆರೆಯನ್ನು ಚೆನ್ನಾಗಿಟ್ಟುಕೊಳ್ಳಬೇಕು. ವರ್ಷಕ್ಕೆ ಬೆರಳೆಣಿಕೆಯ ಮಂದಿ ಹೋಗುವ ಕಡೆ ದಾರಿಯೇ ಮೂಡದಂತೆ ನೋಡಿಕೊಳ್ಳಬೇಕು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿನ 46 ಎತ್ತರದ ಶಿಖರಗಳನ್ನು ಹತ್ತಿ ಮುಗಿಸುವುದು ಚಾರಣಿಗರಿಗೊಂದು ವ್ರತ. ಅವುಗಳಲ್ಲಿ ಸುಮಾರು ಇಪ್ಪತ್ತಕ್ಕೆ ಗುರುತು ಹಾಕಿದ ಹಾದಿಯೇ ಇಲ್ಲ. ಜನ ಮಾತ್ರ ಹತ್ತುತ್ತಲೇ ಇದ್ದರು, ಒಂದೊಂದು ಶಿಖರಕ್ಕೂ ಹಾದಿಗಳ ಜಾಲವೇ ಹೆಣೆದುಕೊಂಡಿತು. ಕೊನೆಗೆ ಸ್ವಯಂಸೇವಕರು ಸರ್ಕಾರದ ಒಪ್ಪಿಗೆ ಪಡೆದು, ಶಿಖರಕ್ಕೊಂದೇ ಗೆರೆ ಆರಿಸಿ, ಉಳಿದವನ್ನು ಕೊಂಬೆ ಎಳೆದು ಮುಚ್ಚಿದರು. ಬೋರ್ಡು, ಬಣ್ಣದ ಗುರುತುಗಳ ಗೋಜಿಗೆ ಹೋಗಲಿಲ್ಲ. ದುರಸ್ತಿಯಾಯಿತು, ಜಾಹೀರಾತಾಗಲಿಲ್ಲ.

ನಮ್ಮಲ್ಲಿ ನಡೆಯುತ್ತಿರುವುದು ತದ್ವಿರುದ್ಧ. ಉತ್ಸಾಹಿಗಳು ಬಂಡೆಗೆ ಬಾಣದ ಗುರುತು ಬಳಿಯುತ್ತಾರೆ, ಮರಕ್ಕೆ ರಿಬ್ಬನ್ ಕಟ್ಟುತ್ತಾರೆ, ಕತ್ತಿಯಿಂದ ಕೊಂಬೆ ಸವರುತ್ತಾರೆ, ಜಿಪಿಎಸ್ ಗೆರೆಯನ್ನು ಆ್ಯಪಿಗೆ ಏರಿಸುತ್ತಾರೆ. ಅಭಯಾರಣ್ಯದಲ್ಲಿ ಇದು ಅಪರಾಧ ಎಂಬುದು ಒಂದು ಕಡೆ ಇರಲಿ, ಇವುಗಳಲ್ಲಿ ಒಂದಾದರೂ ಮಣ್ಣನ್ನು ಹಿಡಿದು ನಿಲ್ಲಿಸುವ ಕೆಲಸವಲ್ಲ.

ನಿಜವಾದ ಕೆಲಸ ಅಡಿಕೆ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಕಪ್ಪು, ಅಂದರೆ ಬಸಿಗಾಲುವೆ, ಬಿಡಿಸಿ ತೋಟದ ನೀರನ್ನು ಹೊರದಾಟಿಸುವ ಹಾಗೆಯೇ ಇದೂ. ಉದ್ದನೆಯ ಕಲ್ಲನ್ನು ದಾರಿಗೆ ಓರೆಯಾಗಿ, ಮುಕ್ಕಾಲು ಪಾಲು ಹೂಳಿ ಕೂರಿಸಬೇಕು. ಅಡ್ಡಡ್ಡ ಕೂರಿಸಿದರೆ ಹಿಂದೆ ಮಣ್ಣು ತುಂಬಿಕೊಂಡು ಮೊದಲ ಜೋರು ಮಳೆಗೇ ನೀರು ಕಲ್ಲು ಹಾರುತ್ತದೆ. ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು. ಹೊರಬಿದ್ದ ನೀರು ಹುಲ್ಲಿನ ಮೇಲೆ ಹರಡಿಕೊಳ್ಳಬೇಕೇ ಹೊರತು ಇನ್ನೊಂದು ಕಾಲುವೆ ಕೊರೆಯಬಾರದು. ಮುಚ್ಚಿದ ಗೆರೆಯ ಮೇಲೆ ಒಣಕೊಂಬೆ ಎಳೆದು, ಮೊದಲ ಮಳೆ ಬಿದ್ದ ಕೂಡಲೇ ಅಲ್ಲಿಯದೇ ಹುಲ್ಲಿನ ಬುಡ ತಂದು ನೆಟ್ಟರೆ ಆಯಿತು. ಸಿಮೆಂಟಿನ ಮೆಟ್ಟಿಲು ಮಾತ್ರ ದಯವಿಟ್ಟು ಬೇಡ. ಅದರ ಎರಡೂ ಪಕ್ಕದಲ್ಲಿ ಮತ್ತೆ ಕೊರಕಲು ಬೀಳುತ್ತದೆ, ಮಂಡಿನೋವಿನವರು ಅಲ್ಲೇ ಇಳಿಯುತ್ತಾರೆ.

2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿಯ ಚಿತ್ರಗಳು ಹರಿದಾಡಿದ ಮೇಲೆ ಸರ್ಕಾರ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿತು. ಆಮೇಲೆ ಆನ್‌ಲೈನ್ ಬುಕಿಂಗ್, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಬಂದವು. ಒಳ್ಳೆಯದೇ ಆಯಿತು. ಆದರೆ ಟಿಕೆಟ್ ಸಿಗದ ಮುನ್ನೂರೊಂದನೆಯವರೆಲ್ಲ ಮನೆಗೆ ಹೋಗುತ್ತಾರೆಂದು ನನಗನ್ನಿಸುವುದಿಲ್ಲ. ಒಂದಷ್ಟು ಮಂದಿ ಪಕ್ಕದ ಗುಡ್ಡದ ದನದ ದಾರಿ ಹುಡುಕುತ್ತಾರೆ. ಮಿತಿ ಹಾಕಿದ ಮೇಲೆ ಆಸುಪಾಸಿನ ಪಟ್ಟಿಯಿಲ್ಲದ ಹಾದಿಗಳ ಮೇಲೆ ಕಣ್ಣಿಡುವುದೂ ಅದೇ ಆದೇಶದ ಭಾಗವಾಗಬೇಕಿತ್ತು.

ಹಾಗೆಂದು ಎಲ್ಲ ಕಳ್ಳದಾರಿಗಳನ್ನೂ ಉಳಿಸಬೇಕೆಂದಿಲ್ಲ. ಹಳ್ಳದ ಪಾತ್ರದಲ್ಲೇ ಸಾಗುವ ದಾರಿ, ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ದಾಟುವ ದಾರಿ, ಸಿಂಗಳೀಕಗಳ ಕಾನಿನೊಳಗೆ ಹೊಸದಾಗಿ ಬಿದ್ದ ದಾರಿ ಇವನ್ನೆಲ್ಲ ಮುಚ್ಚಬೇಕು, ಅದೂ ಎರಡನೇ ಮಳೆಗಾಲಕ್ಕೆ ಮೊದಲೇ. ತಡವಾದಷ್ಟೂ ಮುಚ್ಚುವುದು ಕಷ್ಟ, ಖರ್ಚೂ ಹೆಚ್ಚು. ಮುಚ್ಚುವುದೂ ನಿರ್ವಹಣೆಯೇ, ಅದಕ್ಕೂ ಆಳು ಬೇಕು, ಹಣ ಬೇಕು.

ಹಣವನ್ನು ಹಾದಿಯ ಪ್ರವೇಶ ಶುಲ್ಕದಲ್ಲೇ ಒಂದು ಪಾಲು ಎತ್ತಿಟ್ಟು ಹೊಂದಿಸಬಹುದು. ಆಳುಗಳಿಗೆ ತಪ್ಪಲಿನ ಊರುಗಳಿವೆ, ಅಲ್ಲಿಯವರಿಗೆ ನೀರು ತಿರುಗಿಸುವುದು ಗೊತ್ತು. ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಹೇಗೂ ಚಾರಣ ನಿಲ್ಲಿಸುತ್ತಾರೆ. ಏಪ್ರಿಲ್–ಮೇನಲ್ಲಿ ಕಲ್ಲು ಕೂರಿಸಿ, ಜೂನ್‌ನ ಮೊದಲ ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೀರು ಎತ್ತ ತಿರುಗುತ್ತಿದೆ ಎಂದು ನೋಡಿ ಬರಬೇಕು. ಉಂಬಳ (ಜಿಗಣೆ) ಕಚ್ಚಿಸಿಕೊಳ್ಳಲು ಸಿದ್ಧವಿರುವ ಒಬ್ಬ ಎಂಜಿನಿಯರನ್ನೂ ಇಲಾಖೆ ಜೊತೆಗೆ ಕಳಿಸಿದರೆ ಒಳ್ಳೆಯದು.