ಮೂಗು ಸಣ್ಣ ಮಾಡಿಕೊಡಿ ಸರ್

ಕಂಪನಿಯ ವೆಬ್‌ಸೈಟಿಗೋ ಲಿಂಕ್ಡ್‌ಇನ್‌ಗೋ ಫೋಟೊ ಬೇಕು ಅಂತ ಸ್ಟುಡಿಯೊಗೆ ಬರುತ್ತಾರೆ. ನಾನು ಕ್ಯಾಮೆರಾ ಎತ್ತಿಕೊಳ್ಳುವ ಮೊದಲೇ ಒಂದು ಮಾತು: "ಮೂಗು ಸ್ವಲ್ಪ ಸಣ್ಣ ಮಾಡಿಕೊಡಿ ಸರ್." ಎದುರಿಗೆ ಕೂತವರನ್ನು ನೋಡಿದರೆ ಮೂಗು ಚೆನ್ನಾಗಿಯೇ ಇರುತ್ತದೆ. ದಪ್ಪ ಅಂತ ಯಾರು ಹೇಳಿದ್ದು ಅಂದರೆ ಮೊಬೈಲ್ ತೆಗೆದು ಸೆಲ್ಫಿ ತೋರಿಸುತ್ತಾರೆ.

ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಸೆಲ್ಫಿ ತೆಗೆಯುವಾಗ ಫೋನು ಮೂಗಿನ ತುದಿಯಿಂದ 30 ಸೆಂಟಿಮೀಟರ್ ದೂರ ಇದೆ ಅಂದುಕೊಳ್ಳಿ. ಕಿವಿ ಅದಕ್ಕಿಂತ ಸುಮಾರು 12 ಸೆಂಟಿಮೀಟರ್ ಹಿಂದೆ. ಮೂಗು 30ರಲ್ಲಿ, ಕಿವಿ 42ರಲ್ಲಿ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ಹಿಗ್ಗಿರುತ್ತದೆ. ಅದೇ ಕ್ಯಾಮೆರಾವನ್ನು ಮುಖದಿಂದ ಐದು ಅಡಿ ದೂರಕ್ಕೆ ಒಯ್ಯಿರಿ. ಮೂಗು 150ರಲ್ಲಿ, ಕಿವಿ 162ರಲ್ಲಿ. ವ್ಯತ್ಯಾಸ ನೂರಕ್ಕೆ ಎಂಟು. ಜನ ನಿಮ್ಮೆದುರು ನಿಂತು ಮಾತಾಡುವಾಗ ನೋಡುವ ಮುಖ ಹೆಚ್ಚುಕಡಿಮೆ ಇದೇ.

"ಹಾಗಾದ್ರೆ ಒಳ್ಳೆ ಲೆನ್ಸ್ ಇದ್ದರೆ ಸಾಕಲ್ವಾ?" ಸಾಲದು. ನಿಂತ ಜಾಗ ಬದಲಾಗದೆ ಲೆನ್ಸ್ ಮಾತ್ರ ಬದಲಾದರೆ ಈ ಅಳತೆ ಬದಲಾಗುವುದಿಲ್ಲ. ನಾವು 85 ಎಂಎಂ ಲೆನ್ಸ್ ಹಾಕುವುದು ದೂರ ನಿಂತರೂ ಮುಖ ಫ್ರೇಮ್ ತುಂಬಲಿ ಅಂತ. ವೈಡ್ ಲೆನ್ಸಿನಲ್ಲಿ ಅಂಚಿಗೆ ಬಂದ ಮುಖ ಎಳೆದಂತೆ ಕಾಣುತ್ತದೆ ನಿಜ, ಆದರೆ ಅದು ಬೇರೆ ವಿಷಯ.

ಒಮ್ಮೆ ಮೊದಲ ಕೆಲಸ ಸಿಕ್ಕ ಹುಡುಗಿ ಅಮ್ಮನ ಜೊತೆ ಬಂದಿದ್ದಳು. ಪಿಯುಸಿಯಿಂದಲೂ ಫೋಟೊ ಅಂದರೆ ದೂರ ಓಡುತ್ತಿದ್ದಳಂತೆ. ನಾನು ಟೇಪು ಹಿಡಿದು ಅಳೆದು ಎರಡು ಫೋಟೊ ತೆಗೆದೆ. ಒಂದು 30 ಸೆಂಟಿಮೀಟರಿನಿಂದ, ಇನ್ನೊಂದು ಐದು ಅಡಿಯಿಂದ. ಅದೇ ಬೆಳಕು, ಅದೇ ಕುರ್ಚಿ. ಕ್ಯಾಮೆರಾದ ಹಿಂದಿನ ಪರದೆಯಲ್ಲೇ ತೋರಿಸಿದೆ. ಎರಡನೆಯದನ್ನು ನೋಡಿ ಅವರಮ್ಮ, "ನೋಡೇ, ನಾನು ದಿನಾ ನೋಡೋ ಮುಖ ಇದು" ಅಂದರು. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇದರಲ್ಲಿ ಏನೂ ತಿದ್ದಿಲ್ವಾ ಅಂಕಲ್?" ನನಗೆ ಗಂಟಲು ಕಟ್ಟಿತು. ಇಷ್ಟು ವರ್ಷ ಆ ಮಗು ಸುಮ್ನೆ ನೊಂದುಕೊಂಡಿತ್ತಲ್ಲ.

ಮೂಗಿನ ಆಪರೇಷನ್ ಬಗ್ಗೆ ಯೋಚಿಸುತ್ತಿದ್ದವರೂ ಬಂದಿದ್ದಾರೆ. ಅದು ಡಾಕ್ಟರ ವಿಷಯ, ನಾನು ಹೇಳುವಂಥದ್ದಲ್ಲ. ಸೆಲ್ಫಿ ನೋಡಿ ಮಾತ್ರ ಆ ತೀರ್ಮಾನಕ್ಕೆ ಬರಬೇಡಿ ಅಂತ ಬೇಡಿಕೊಳ್ಳುತ್ತೇನೆ.

ಸ್ಟುಡಿಯೊಗೇ ಬರಬೇಕೆಂದೇನಿಲ್ಲ. ಮನೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂರಿ. ತಮ್ಮನೋ ತಂಗಿಯೋ ಐದಾರು ಅಡಿ ದೂರದಲ್ಲಿ, ಫೋನನ್ನು ನಿಮ್ಮ ಕಣ್ಣಿನ ಎತ್ತರಕ್ಕೆ ಹಿಡಿಯಲಿ. ಹಿಂದಿನ ಕ್ಯಾಮೆರಾ, ಎರಡು ಪಟ್ಟು ಜೂಮ್. ಬ್ಯೂಟಿ ಫಿಲ್ಟರ್ ಬೇಡ. ಜೂಮ್ ಮಾಡಿದರೆ ಫೋಟೊ ಸ್ವಲ್ಪ ಒರಟಾಗಬಹುದು. ಪ್ರೊಫೈಲಿನ ಪುಟ್ಟ ವೃತ್ತದಲ್ಲಿ ಅದು ಗೊತ್ತಾಗುವುದಿಲ್ಲ. ಹತ್ತು ಹದಿನೈದು ಫೋಟೊ ತೆಗೆಸಿ. ಯಾವುದನ್ನು ಹಾಕಬೇಕು ಅಂತ ಮನೆಯವರನ್ನು ಕೇಳಿ. ನಿಮ್ಮ ಮುಖ ಅವರಿಗೇ ಜಾಸ್ತಿ ಗೊತ್ತು.