ಬರೆಯೋ ಕಂಪ್ಯೂಟರ್ ಬೇರೆ, ಪರೀಕ್ಷಿಸೋ ಕಂಪ್ಯೂಟರ್ ಬೇರೆ

ಒಂದು ಅರ್ಜಿಯ ಪುಟ ಮಾಡಿ ಮುಗಿಸಿದ್ದೆ. ಹೆಸರು, ವಿಳಾಸ, ಫೋನ್ ನಂಬರ್ ತುಂಬುವ ಖಾನೆಗಳು. ಬಿಳಿ ಹಿನ್ನೆಲೆ, ಖಾನೆಗಳ ಸುತ್ತ ತೆಳುವಾದ ಬೂದು ಗೆರೆ. ನನ್ನ ಮಾನಿಟರ್‌ನಲ್ಲಿ ತುಂಬ ಚೆನ್ನಾಗಿ ಕಾಣುತ್ತಿತ್ತು. ಎರಡು ದಿನ ಬಿಟ್ಟು ಅದನ್ನು ಬಳಸುವವರೊಬ್ಬರು ಫೋನ್ ಮಾಡಿದರು. "ಇದರಲ್ಲಿ ಹೆಸರು ಬರೆಯೋಕೆ ಜಾಗವೇ ಇಲ್ವಲ್ಲ" ಅಂದರು.

ಹೋಗಿ ನೋಡಿದೆ. ಅವರದು ಹಳೆಯ ಲ್ಯಾಪ್‌ಟಾಪ್. ಸ್ಕ್ರೀನ್ ನೆಟ್ಟಗೆ ನಿಂತಿತ್ತು, ಅವರು ಎತ್ತರದ ಕುರ್ಚಿಯಲ್ಲಿ ಕೂತು ಮೇಲಿನಿಂದ ನೋಡುತ್ತಿದ್ದರು. ಪಕ್ಕದ ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ಖಾನೆಗಳ ಗೆರೆ ಒಂದೂ ಕಾಣಲಿಲ್ಲ. ಬರೀ ಬಿಳಿ ಹಾಳೆ. ಸ್ಕ್ರೀನನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದೆ. ಆಗ ಗೆರೆಗಳು ಒಂದೊಂದಾಗಿ ಮೂಡಿಕೊಂಡವು.

ಅವರ ಕಣ್ಣಿನದಾಗಲಿ ಕಂಪ್ಯೂಟರಿನದಾಗಲಿ ತಪ್ಪೇನಿರಲಿಲ್ಲ. ನಾನು ಪುಟವನ್ನು ನನ್ನ ಮೇಜಿನ ಮೇಲಷ್ಟೇ ನೋಡಿದ್ದೆ, ಅದು ನನ್ನ ತಪ್ಪು. ಆವತ್ತಿನಿಂದ ಕಂಪ್ಯೂಟರ್, ಮಾನಿಟರ್ ಕೊಳ್ಳುವಾಗ ನಾನು ಎರಡು ಪಟ್ಟಿ ಇಟ್ಟುಕೊಳ್ಳುತ್ತೇನೆ. ವೆಬ್‌ಸೈಟ್ ಕಟ್ಟುವುದಕ್ಕೆ ಒಂದು, ಕಟ್ಟಿದ್ದನ್ನು ಪರೀಕ್ಷಿಸುವುದಕ್ಕೆ ಇನ್ನೊಂದು. ಕಟ್ಟುವ ಯಂತ್ರ ನಮ್ಮ ಕೈಗೆ, ಕಣ್ಣಿಗೆ ಹಿತವಾಗಿರಬೇಕು. ಪರೀಕ್ಷಿಸುವ ಯಂತ್ರ ಜನರ ಕೈಯಲ್ಲಿ ಇರುವಂಥದ್ದೇ ಆಗಿರಬೇಕು.

ಕಟ್ಟುವ ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ನಾಲ್ಕು ಬ್ರೌಸರ್, ಒಂದು ಎಡಿಟರ್, ಆಗಾಗ ಒಂದು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಒಟ್ಟಿಗೆ ಓಡಬೇಕು. ಹಾಗಾಗಿ 16 ಜಿಬಿ ರ‍್ಯಾಮ್ ಬೇಕೇ ಬೇಕು, 32 ಇದ್ದರೆ ಒಳ್ಳೆಯದು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆ ದುಡ್ಡನ್ನು ಸ್ಕ್ರೀನ್‌ಗಳಿಗೆ ಉಳಿಸಿ.

ಸ್ಕ್ರೀನ್ ಅಂದ ಕೂಡಲೇ ಪಿಕ್ಸೆಲ್ ಲೆಕ್ಕ ಬರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ವೆಬ್ ಪುಟಕ್ಕೆ ನಾವು "ಅಗಲ 300 ಪಿಕ್ಸೆಲ್" ಎಂದು ಹೇಳಿದಾಗ, ಸ್ಕ್ರೀನಿನ ಮೇಲಿರುವ 300 ಚುಕ್ಕೆಗಳು ಎಂದು ಅರ್ಥವಲ್ಲ. ಪುಟದ ರೂಪ, ಅಳತೆ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ನಿಯಮದಲ್ಲಿ ಪಿಕ್ಸೆಲ್ ಎಂದರೆ ಹೆಚ್ಚುಕಡಿಮೆ ಒಂದು ಕೋನ. ಒಂದು ಇಂಚಿನಲ್ಲಿ 96 ಚುಕ್ಕೆ ಇರುವ ಸ್ಕ್ರೀನನ್ನು ಕೈ ಚಾಚಿದಷ್ಟು ದೂರದಲ್ಲಿ, ಅಂದರೆ 28 ಇಂಚು ದೂರದಲ್ಲಿ ಇಟ್ಟುಕೊಳ್ಳಿ. ಆಗ ಒಂದು ಚುಕ್ಕೆ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟು ಒಂದು ಪಿಕ್ಸೆಲ್. ಫೋನನ್ನು ನಾವು ಇನ್ನೂ ಹತ್ತಿರ ಹಿಡಿಯುತ್ತೇವೆ. ಅಲ್ಲಿ ಅದೇ ಪಿಕ್ಸೆಲ್ ಅಳತೆಯಲ್ಲಿ ಚಿಕ್ಕದಾಗಿದ್ದರೂ ಕಣ್ಣಿಗೆ ಅಷ್ಟೇ ಕಾಣುತ್ತದೆ.

ಈ ಎರಡು ಲೆಕ್ಕ ಎಲ್ಲರ ಕಣ್ಣಿಗೆ ಬಿದ್ದದ್ದು 2010ರಲ್ಲಿ, ಐಫೋನ್ 4 ಬಂದಾಗ. ಅದರ 3.5 ಇಂಚಿನ ಸ್ಕ್ರೀನಿನಲ್ಲಿ 640 ಅಡ್ಡ, 960 ಉದ್ದ ಚುಕ್ಕೆಗಳಿದ್ದವು. ಆದರೆ ವೆಬ್ ಪುಟಕ್ಕೆ ಅದು ಹಿಂದಿನ ಫೋನಿನಂತೆ 320 ಅಗಲ ಎಂದೇ ಹೇಳಿಕೊಂಡಿತು. ಒಂದು ಪಿಕ್ಸೆಲ್ ಜಾಗದಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು, ಒಟ್ಟು ನಾಲ್ಕು ಚುಕ್ಕೆ. ಇಂದು 1080 ಚುಕ್ಕೆ ಅಗಲದ ಎಷ್ಟೋ ಫೋನ್‌ಗಳು ಪುಟಕ್ಕೆ 360 ಎಂದೇ ಹೇಳುತ್ತವೆ. ಅಲ್ಲಿ ಒಂದು ಪಿಕ್ಸೆಲ್ ಅಗಲಕ್ಕೆ ಮೂರು ಚುಕ್ಕೆ, ಅಂದರೆ ಅನುಪಾತ 3.

ಮಾನಿಟರ್ ಆರಿಸುವಾಗ ಇದು ತುಂಬ ಮುಖ್ಯ. 24 ಇಂಚಿನ, 1920 ಬೈ 1080ರ ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 92 ಚುಕ್ಕೆ ಇರುತ್ತವೆ. ಅನುಪಾತ 1. ಇದು ಬಹಳ ಕಡೆ ಬಳಕೆಯಲ್ಲಿರುವ ಸ್ಕ್ರೀನ್, ಅಕ್ಷರಗಳಿಗೆ ಕಠಿಣ ಪರೀಕ್ಷೆಯೂ ಹೌದು. 27 ಇಂಚಿನ 4ಕೆ (3840 ಬೈ 2160) ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 163 ಚುಕ್ಕೆ. ಅಲ್ಲಿ ಅಕ್ಷರಗಳು ಅಚ್ಚಾದಂತೆ ನುಣುಪಾಗಿ ಕಾಣುತ್ತವೆ, ಕೆಲಸ ಮಾಡಲು ಸುಖ. ಆದರೆ "ರಾಷ್ಟ್ರ" ಎಂಬ ಪದವನ್ನು 14 ಪಿಕ್ಸೆಲ್ ಅಳತೆಯಲ್ಲಿ ಎರಡರಲ್ಲೂ ಇಟ್ಟು ನೋಡಿ. 4ಕೆ ಸ್ಕ್ರೀನಿನಲ್ಲಿ ಷ, ಅದರ ಕೆಳಗಿನ ಒತ್ತುಗಳು ಎಲ್ಲ ಬಿಡಿಬಿಡಿಯಾಗಿ ಓದಿಸಿಕೊಳ್ಳುತ್ತವೆ. 24 ಇಂಚಿನದರಲ್ಲಿ ಒತ್ತುಗಳಿಗೆ ಸಿಗುವುದು ಬೆರಳೆಣಿಕೆಯ ಚುಕ್ಕೆ. ಕೆಳಗೆ ಒಂದು ಮಸಿಯ ಗುಡ್ಡೆ ಕೂತಂತೆ ಕಾಣುತ್ತದೆ. 4ಕೆ ಮುಂದೆ ಕೂತವರಿಗೆ ಅಕ್ಷರದ ಅಳತೆ ಹೆಚ್ಚಿಸಬೇಕು ಎಂದು ಅನ್ನಿಸುವುದೇ ಇಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು: ಎರಡೂ ದುಬಾರಿ ಮಾನಿಟರ್ ಬೇಡ. ಒಂದು ಸಾಂದ್ರವಾದದ್ದು, ಒಂದು ಸಾಧಾರಣವಾದದ್ದು ಪಕ್ಕಪಕ್ಕ ಇರಲಿ.

ಇವೆರಡರ ನಡುವೆ ಇನ್ನೊಂದು ತೊಡಕಿದೆ. 1920 ಬೈ 1080ರ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಲವು ಸಲ ಎಲ್ಲವನ್ನೂ ಶೇ 125 ಅಥವಾ ಶೇ 150ಕ್ಕೆ ಹಿಗ್ಗಿಸಿ ತೋರಿಸುತ್ತದೆ. ಶೇ 125 ಇದ್ದರೆ ಪುಟಕ್ಕೆ ಸಿಗುವ ಅಗಲ 1536 ಮಾತ್ರ, ಶೇ 150 ಆದರೆ 1280. ಜೊತೆಗೆ ಒಂದು ಪಿಕ್ಸೆಲ್ ಗೆರೆ ಒಂದೂಕಾಲು ಚುಕ್ಕೆಯ ಮೇಲೆ ಬೀಳಬೇಕು. ಕಾಲು ಚುಕ್ಕೆ ಎಂಬುದು ಇಲ್ಲವಲ್ಲ! ಬ್ರೌಸರ್ ಎಲ್ಲೋ ಒಂದು ಕಡೆ ಕೂಡಿಸಿ ಕಳೆದು ಹೊಂದಿಸುತ್ತದೆ. ಪಟ್ಟಿಗಳ ನಡುವೆ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುವುದು ಇಂಥ ಕಡೆಯೇ. ಇದಕ್ಕೆ ಹೊಸ ಯಂತ್ರ ಬೇಡ, ಇರುವ ಯಂತ್ರದ ಸೆಟ್ಟಿಂಗ್ ಬದಲಿಸಿ ನೋಡಿದರೆ ಸಾಕು.

ಈಗ ಆ ಮಾಯವಾದ ಗೆರೆಗಳಿಗೆ ಬರೋಣ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ವರ್ಷ ಟಿಎನ್ ಎಂಬ ಬಗೆಯ ಪ್ಯಾನೆಲ್ ಇರುತ್ತಿತ್ತು. ಅದರೊಳಗೆ ದ್ರವ ಹರಳುಗಳು ತಿರುಚಿಕೊಂಡು ನಿಂತಿರುತ್ತವೆ. ವಿದ್ಯುತ್ ಕೊಟ್ಟಾಗ ತಿರುಚು ಬಿಚ್ಚಿ ಸ್ಕ್ರೀನಿಗೆ ನೆಟ್ಟಗೆ ಏಳುತ್ತವೆ, ಹಿಂದಿನಿಂದ ಬರುವ ಬೆಳಕಿಗೆ ತಡೆಯಾಗುತ್ತದೆ. ಹರಳು ಅರ್ಧ ಎದ್ದು ವಾಲಿ ನಿಂತಿದ್ದಾಗ ಎದುರಿನಿಂದ ನೋಡಿದವರಿಗೆ ಒಂದು ಪ್ರಮಾಣದ ಬೆಳಕು ಕಂಡರೆ, ಮೇಲಿನಿಂದ ನೋಡಿದವರಿಗೆ ಇನ್ನೊಂದು ಪ್ರಮಾಣ. ಮೇಲಿನಿಂದ ನೋಡಿದಾಗ ತಿಳಿ ಬಣ್ಣಗಳೆಲ್ಲ ಬಿಳಿಯಲ್ಲಿ ಕರಗುತ್ತವೆ. ಐಪಿಎಸ್ ಪ್ಯಾನೆಲ್‌ನಲ್ಲಿ ಹರಳುಗಳು ಏಳುವುದಿಲ್ಲ, ಸ್ಕ್ರೀನಿಗೆ ಸಮವಾಗಿ ಮಲಗಿದ್ದಲ್ಲೇ ಪಕ್ಕಕ್ಕೆ ತಿರುಗುತ್ತವೆ. ಅದಕ್ಕೇ ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ.

ನಾನು ಬಳಸಿದ್ದ ಬೂದು ಬಣ್ಣದಲ್ಲಿ ಕೆಂಪು, ಹಸಿರು, ನೀಲಿ ಮೂರೂ 238 ಇದ್ದವು. ಬಿಳಿ ಎಂದರೆ ಮೂರೂ 255. ಇವೆರಡರ ಹೊಳಪಿನ ಅನುಪಾತ ಸುಮಾರು 1.16ಕ್ಕೆ 1. ಎಲ್ಲರೂ ಬಳಸುವಂಥ ಪುಟ ಹೇಗಿರಬೇಕು ಎಂಬುದಕ್ಕೆ ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯುತ್ರೀಸಿ ಸಂಸ್ಥೆಯ ಮಾರ್ಗಸೂಚಿ ಇದೆ. ಅದರ 2018ರ ಆವೃತ್ತಿಯ ಪ್ರಕಾರ ಖಾನೆ ಗುರುತಿಸಲು ಬೇಕಾದ ಗೆರೆಗೆ ಕನಿಷ್ಠ 3ಕ್ಕೆ 1 ಇರಬೇಕು. ಸಾಮಾನ್ಯ ಅಳತೆಯ ಅಕ್ಷರಗಳಿಗೆ 4.5ಕ್ಕೆ 1. ನಾನು 238 ಇದ್ದದ್ದನ್ನು 148ಕ್ಕೆ ಇಳಿಸಿದೆ, ಅನುಪಾತ 3 ದಾಟಿತು. ಆ ಲ್ಯಾಪ್‌ಟಾಪ್‌ನಲ್ಲಿ ಎದ್ದು ನಿಂತು ನೋಡಿದರೂ ಗೆರೆ ಕಾಣಿಸಿತು. ಲೆಕ್ಕ ಮೊದಲೇ ಗೊತ್ತಿತ್ತು ನಿಜ. ಆದರೆ ಕಣ್ಣಾರೆ ಕಂಡ ಮೇಲೆ ಅದನ್ನು ಮರೆಯೋಕೆ ಆಗಲಿಲ್ಲ.

ಬಣ್ಣದ ವ್ಯಾಪ್ತಿಯೂ ಹಾಗೇ. ವೆಬ್ ಬಣ್ಣಗಳಿಗೆ ಆಧಾರವಾದ ಎಸ್‌ಆರ್‌ಜಿಬಿ ಅಳತೆಯನ್ನು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟವು. ಅಗ್ಗದ ಲ್ಯಾಪ್‌ಟಾಪ್ ಸ್ಕ್ರೀನ್ ಅದರಷ್ಟೂ ಬಣ್ಣ ತೋರಿಸುವುದಿಲ್ಲ, ಕೆಂಪು ಇಟ್ಟಿಗೆಯಂತೆ ಮಂಕಾಗುತ್ತದೆ. ಇತ್ತೀಚಿನ ಒಳ್ಳೆಯ ಫೋನ್‌ಗಳು ಅದಕ್ಕಿಂತ ಜಾಸ್ತಿ ತೋರಿಸುತ್ತವೆ. ಕಟ್ಟುವ ಮಾನಿಟರ್‌ಗೆ ಐಪಿಎಸ್ ತೆಗೆದುಕೊಳ್ಳಿ, ಎಸ್‌ಆರ್‌ಜಿಬಿ ಮೋಡ್ ಇದೆಯೇ ಎಂದು ನೋಡಿ. ಅದು ನಿಮಗೆ ನಡುವಿನ ಅಳತೆಗೋಲು. ಮಂಕಾದ ಒಂದು ಸ್ಕ್ರೀನೂ ಹತ್ತಿರ ಇರಲಿ. ಮಾನಿಟರ್ ಜೊತೆ ಕೇಬಲ್ ಕೂಡ ಗಮನಿಸಿ. ಹಳೆಯ ಎಚ್‌ಡಿಎಂಐ 1.4 ಪೋರ್ಟ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. ಮೌಸ್ ಎಳೆದಾಡಿದಂತೆ ಅನ್ನಿಸಿದರೆ ಪುಟವನ್ನು ಬೈಯುವ ಮುಂಚೆ ಕೇಬಲ್, ಪೋರ್ಟ್ ನೋಡಿ.

ಇನ್ನು ವೇಗ. ಪುಟದ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಂ) ಕೆಲಸ ಬಹುಪಾಲು ಒಂದೇ ಸಾಲಿನಲ್ಲಿ, ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ನಡೆಯುತ್ತದೆ. ಎಂಟು ಕೋರ್ ಇರುವ ಫೋನ್ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಪುಟಕ್ಕೆ ಅದರಿಂದ ದೊಡ್ಡ ಲಾಭವಿಲ್ಲ. ಆ ಒಂದು ಕೋರ್ ಎಷ್ಟು ಚುರುಕು ಅನ್ನುವುದೇ ಮುಖ್ಯ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಸ್ಕ್ರೀನಿನಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಸ್ಕ್ರೋಲ್ ಮುಗ್ಗರಿಸುತ್ತದೆ.

"ಬ್ರೌಸರ್‌ನಲ್ಲೇ ಮೊಬೈಲ್ ಮೋಡ್ ಇದೆ, ವೇಗ ತಗ್ಗಿಸುವ ಗುಂಡಿಯೂ ಇದೆ, ಸಾಲದಾ?" ಎಂದು ಕೇಳುವವರಿದ್ದಾರೆ. ಆ ಸೌಲಭ್ಯ ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ "4 ಪಟ್ಟು ನಿಧಾನ" ಎಂದರೆ ನಿಮ್ಮ ಯಂತ್ರಕ್ಕಿಂತ 4 ಪಟ್ಟು. ನಿಮ್ಮದು ಬಲಶಾಲಿ ಯಂತ್ರವಾದರೆ ಅದರ ಕಾಲು ಭಾಗವೂ ಅಗ್ಗದ ಫೋನಿಗಿಂತ ಮುಂದಿರಬಹುದು. ಫೋನಿಗೆ ಫ್ಯಾನ್ ಇಲ್ಲ, ಹತ್ತು ನಿಮಿಷದಲ್ಲಿ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೆಮೊರಿ ಕಡಿಮೆ, ಸ್ಟೋರೇಜ್ ನಿಧಾನ. ಇವು ಯಾವುವೂ ಆ ಗುಂಡಿಯಲ್ಲಿ ಇಲ್ಲ.

2 ಜಿಬಿ ರ‍್ಯಾಮ್‌ನ ಫೋನಿನಲ್ಲಿ ಒಂದು ಅರ್ಜಿ ತುಂಬಿ ನೋಡಿ. ಅರ್ಧ ತುಂಬಿದ ಮೇಲೆ ಒಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋಗುತ್ತೀರಿ. ಅಷ್ಟರಲ್ಲಿ ಜಾಗ ಸಾಲದೆ ಫೋನ್ ಬ್ರೌಸರಿನ ಪುಟವನ್ನು ಮೆಮೊರಿಯಿಂದ ಕಿತ್ತು ಹಾಕಿರಬಹುದು. ವಾಪಸ್ ಬಂದಾಗ ಪುಟ ಮತ್ತೆ ಲೋಡ್ ಆಗುತ್ತದೆ, ಬರೆದದ್ದೆಲ್ಲ ಹೋಗಿರುತ್ತದೆ. ಒಟಿಪಿ ಕೈಯಲ್ಲಿ, ತುಂಬಲು ಖಾನೆ ಇಲ್ಲ. ಇದನ್ನು ಅನುಭವಿಸಿದವರು ಅರ್ಜಿಯ ಕರಡನ್ನು ಆಗಾಗ ಉಳಿಸಿಡುವ ವ್ಯವಸ್ಥೆ ಮಾಡದೆ ಬಿಡುವುದಿಲ್ಲ. ದೊಡ್ಡ ಕಂಪ್ಯೂಟರಿನಲ್ಲಿ ಈ ತೊಂದರೆ ಕಾಣುವುದು ಅಪರೂಪ.

ಬೆರಳಿನ ಮಾತೂ ಇದೆ. ಮೌಸಿನ ಮೊನೆಗೆ ಸಿಗುವ ಗುಂಡಿ ಹೆಬ್ಬೆರಳಿಗೆ ಸಿಗದು. ಫೋನಿನ ಕೀಲಿಮಣೆ ಮೇಲೆದ್ದಾಗ "ಸಲ್ಲಿಸಿ" ಗುಂಡಿ ಅದರಡಿ ಅವಿತುಕೊಳ್ಳುತ್ತದೆ. ನಿಜವಾದ ಫೋನ್ ಕೈಯಲ್ಲಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬ್ರೌಸರ್ ಎಂಜಿನ್‌ಗಳ ವಿಷಯದಲ್ಲಿ ಮಾತ್ರ ಯಂತ್ರದ ಕಂಪನಿ ಲೆಕ್ಕಕ್ಕೆ ಬರುತ್ತದೆ. ಎಂಜಿನ್ ಎಂದರೆ ಪುಟದ ಕೋಡ್ ಓದಿ ಅದನ್ನು ಸ್ಕ್ರೀನಿನ ಮೇಲೆ ಮೂಡಿಸುವ ಬ್ರೌಸರಿನ ಭಾಗ. ಇಂದು ಮುಖ್ಯವಾಗಿ ಮೂರು ಎಂಜಿನ್ ಇವೆ. ಕ್ರೋಮ್, ಎಡ್ಜ್‌ಗಳ ಬ್ಲಿಂಕ್, ಫೈರ್‌ಫಾಕ್ಸ್‌ನ ಗೆಕ್ಕೊ, ಸಫಾರಿಯ ವೆಬ್‌ಕಿಟ್. ಮೊದಲ ಎರಡು ಯಾವ ಕಂಪ್ಯೂಟರಿನಲ್ಲೂ ಸಿಗುತ್ತವೆ. ವಿಂಡೋಸ್‌ಗೆ ಸಫಾರಿ ಕೊಡುವುದನ್ನು ಆಪಲ್ 2012ರಲ್ಲೇ ನಿಲ್ಲಿಸಿತು. ಐಫೋನಿನಲ್ಲಂತೂ ಎಲ್ಲ ಬ್ರೌಸರ್‌ಗಳೂ ವೆಬ್‌ಕಿಟ್ಟನ್ನೇ ಬಳಸಬೇಕು ಎಂದು ಆಪಲ್ ನಿಯಮ ಮಾಡಿತ್ತು, ಕ್ರೋಮ್ ಎಂದು ಹೆಸರಿದ್ದರೂ ಒಳಗೆ ಓಡುತ್ತಿದ್ದದ್ದು ವೆಬ್‌ಕಿಟ್ಟೇ. 2024ರಲ್ಲಿ ಯುರೋಪಿಯನ್ ಒಕ್ಕೂಟದ ಕಾನೂನಿನಿಂದಾಗಿ ಮೊದಲು ಅಲ್ಲಿ ಆ ನಿಯಮ ಸಡಿಲವಾಯಿತು. ಹಾಗಾಗಿ ಒಂದು ಐಫೋನ್ ಬೇಕೇ ಬೇಕು. ಅದು ಹಳೆಯದಾದರೂ ಪರವಾಗಿಲ್ಲ, ಹಳೆಯದೇ ವಾಸಿ. ಏಕೆಂದರೆ ಸಫಾರಿ ಹೊಸದಾಗುವುದು ಫೋನಿನ ಆಪರೇಟಿಂಗ್ ಸಿಸ್ಟಂ ಜೊತೆಗೆ. ಆಪಲ್ ಅಪ್‌ಡೇಟ್ ನಿಲ್ಲಿಸಿದ ಫೋನ್ ಹಳೆಯ ಎಂಜಿನ್‌ನಲ್ಲೇ ಉಳಿಯುತ್ತದೆ, ಅದನ್ನು ಬಳಸುವ ಜನರೂ ಉಳಿದಿರುತ್ತಾರೆ. ಆ ಫೋನಿನೊಳಗಿನ ದೋಷ ಹುಡುಕಲು ಸಫಾರಿಯ ಇನ್‌ಸ್ಪೆಕ್ಟರ್ ಬೇಕು, ಅದಕ್ಕೆ ಮ್ಯಾಕ್ ಬೇಕು. ಸೆಕೆಂಡ್ ಹ್ಯಾಂಡ್ ಮ್ಯಾಕ್ ಮಿನಿ ಸಾಕು.

ಮ್ಯಾಕ್ ಇಟ್ಟುಕೊಂಡವರು ಅದಕ್ಕೆ ಒಂದು ಸಾದಾ ಮೌಸನ್ನೂ ಸಿಕ್ಕಿಸಿ ನೋಡಬೇಕು. ಟ್ರ್ಯಾಕ್‌ಪ್ಯಾಡ್ ಮಾತ್ರ ಇದ್ದಾಗ ಸ್ಕ್ರೋಲ್ ಪಟ್ಟಿ ಅಡಗಿರುತ್ತದೆ, ಜಾಗ ತಿನ್ನುವುದಿಲ್ಲ. ಮೌಸ್ ಸಿಕ್ಕಿಸಿದರೆ ಬಲಗಡೆ ಪಟ್ಟಿ ಬಂದು ಕೂರುತ್ತದೆ. ಪುಟದ ಅಗಲ ಅಷ್ಟು ಕಡಿಮೆಯಾಗಿ, ಅಂಚಿಗೆ ಸರಿಯಾಗಿ ಕೂತಿದ್ದ ಚಿತ್ರ ಆಚೆ ಚಾಚಿಕೊಂಡು ಪುಟ ಅಡ್ಡಡ್ಡ ಜರುಗಲು ಶುರುವಾಗುತ್ತದೆ. ವಿಂಡೋಸ್ ಬಳಸುವ ಎಷ್ಟೋ ಜನ ಕಾಣುವುದು ಇದನ್ನೇ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ. ನಾನಾದರೆ ಮೊದಲು ಅಗ್ಗದ ಒಂದು ಆ್ಯಂಡ್ರಾಯ್ಡ್ ಫೋನ್ ತೆಗೆದುಕೊಳ್ಳುತ್ತೇನೆ. ಆಮೇಲೆ ಹಳೆಯ ವಿಂಡೋಸ್ ಲ್ಯಾಪ್‌ಟಾಪ್, ಸಾಧ್ಯವಾದರೆ 1366 ಬೈ 768 ಸ್ಕ್ರೀನಿನದು. ಅದರ ನಂತರ ಬಳಸಿದ ಐಫೋನ್. ಒಳ್ಳೆಯ ಮಾನಿಟರ್ ಕೊನೆಗೆ. ಮನೆಯಲ್ಲಿ, ಆಫೀಸಿನಲ್ಲಿ ಯಾರಾದರೂ ಹಳೆಯ ಫೋನ್ ಬದಿಗಿಡುತ್ತಿದ್ದರೆ ಕೇಳಿ ಇಸಿದುಕೊಳ್ಳಿ. ಅದರಲ್ಲಿ ಒಂದಕ್ಕೆ ಆಟೋಮ್ಯಾಟಿಕ್ ಅಪ್‌ಡೇಟ್ ನಿಲ್ಲಿಸಿಡಿ. ಪರೀಕ್ಷೆಯ ಫೋನ್‌ಗಳನ್ನು ಸದಾ ಚಾರ್ಜರ್‌ಗೆ ಸಿಕ್ಕಿಸಿ ಬಿಡಬೇಡಿ, ಬ್ಯಾಟರಿ ಉಬ್ಬಬಹುದು. ಅರ್ಧದಷ್ಟು ಚಾರ್ಜ್ ಮಾಡಿ, ತಂಪಾದ ಜಾಗದಲ್ಲಿ ಆಫ್ ಮಾಡಿ ಇಡಿ. ಹಿಂಬದಿ ಸ್ವಲ್ಪ ಎದ್ದಂತೆ ಕಂಡರೂ ಆ ಫೋನನ್ನು ಮತ್ತೆ ಚಾರ್ಜ್ ಮಾಡಬೇಡಿ.