ಉತ್ತರಾಣಿ, ಸೋತ ಅಂಟು, ಬಸ್ ಟಿಕೆಟ್: ಐಡಿಯಾ ಹುಡುಕುವ ಬಗ್ಗೆ ಟಿಪ್ಪಣಿ

ಹೊಸ ಐಡಿಯಾ ಬೇಕಾದರೆ ಸುತ್ತಮುತ್ತ ಗಮನವಿಟ್ಟು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಏನನ್ನು ನೋಡಬೇಕು? ನೋಡಿದ ಮೇಲೆ ಏನು ಮಾಡಬೇಕು? ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಎರಡು ಉದಾಹರಣೆ ಹಿಡಿದು ನೋಡೋಣ.

ಮೊದಲನೆಯದು ವೆಲ್ಕ್ರೋ. ಶೂ, ಬ್ಯಾಗು, ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ, ಎಲ್ಲದರಲ್ಲೂ ಪರ್ ಅಂತ ಬಿಚ್ಚಿಕೊಳ್ಳುತ್ತದಲ್ಲ, ಅದೇ. 1941ರಲ್ಲಿ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿಯ ಜೊತೆ ಆಲ್ಪ್ಸ್ ಬೆಟ್ಟಗಳ ಕಡೆ ಬೇಟೆಗೆ ಹೋಗಿದ್ದರು. ಬಟ್ಟೆಗೂ ನಾಯಿಯ ಕೂದಲಿಗೂ ಬರ್ಡಾಕ್ ಗಿಡದ ಮುಳ್ಳುಕಾಯಿಗಳು ಅಂಟಿಕೊಂಡವು. ನಮ್ಮಲ್ಲಿ ಹೊಲದ ಬದುವಿನ ಮೇಲೆ ನಡೆದರೆ ಪಂಚೆಗೆ, ಸೀರೆಯ ಅಂಚಿಗೆ ಉತ್ತರಾಣಿ ಹತ್ತಿಕೊಳ್ಳುತ್ತದಲ್ವಾ, ಹಾಗೆ. ನಾವು ಬೈದುಕೊಂಡು ಕಿತ್ತು ಬಿಸಾಡುತ್ತೇವೆ. ಅವರು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರು. ಮುಳ್ಳಿನ ತುದಿ ಕೊಕ್ಕೆಯ ಹಾಗೆ ಬಾಗಿತ್ತು. ಬಟ್ಟೆಯ ಎಳೆಗಳಿಗೆ ಆ ಕೊಕ್ಕೆಗಳು ಸಿಕ್ಕಿಕೊಳ್ಳುತ್ತಿದ್ದವು.

ಇಲ್ಲಿ ಗೆರೆ ಎಳೆದುಕೊಳ್ಳಿ. ಇದನ್ನು ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಬರಿಗೈ ಸಾಕು. ಇದು ಹಿಡಿದುಕೊಂಡಿರುವುದು ಹೇಗೆ ಎಂಬ ಪ್ರಶ್ನೆಗೆ ಮೈಕ್ರೋಸ್ಕೋಪೇ ಬೇಕಾಯಿತು. ಕಿರಿಕಿರಿ ಎಲ್ಲರಿಗೂ ಆಗುತ್ತದೆ, ಈ ಎರಡನೇ ಪ್ರಶ್ನೆ ಕೇಳುವವರು ಕಡಿಮೆ.

ಈ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ಅದು ಅರ್ಧ ಕತೆ. ಆ ಕೊಕ್ಕೆಗಳನ್ನು ನೋಡಿಕೊಂಡು ಹತ್ತಿಯಲ್ಲಿ ಮಾಡಿದ ಮಾದರಿ ಬೇಗ ಸವೆದುಹೋಯಿತು. ಆಮೇಲೆ ನೈಲಾನ್ ಹಿಡಿದರು, ಅದನ್ನು ಕಾಯಿಸಿ ಗಟ್ಟಿ ಮಾಡಿದರು. ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ಮುಳ್ಳು ಅಂಟಿ ಅಷ್ಟು ಹೊತ್ತಿಗೆ 14 ವರ್ಷ ಆಗಿತ್ತು!

ಎರಡನೆಯದು ಪೋಸ್ಟ್-ಇಟ್ ಚೀಟಿ, ಅಂದರೆ ಅಂಟಿಸಿ ಬೇಕಾದಾಗ ಕಿತ್ತು ತೆಗೆಯುವ ಪುಟ್ಟ ಕಾಗದ. 1968ರಲ್ಲಿ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿಯಾದ ಅಂಟು ಮಾಡಲು ಹೋದರು. ಆಗಿದ್ದು ಉಲ್ಟಾ: ಸುಮ್ನೆ ಎಳೆದರೂ ಬಿಟ್ಟುಬರುವ ಅಂಟು. ಅದನ್ನು ಯಾವುದಕ್ಕೆ ಬಳಸುವುದು ಅಂತ ಯಾರಿಗೂ ಹೊಳೆಯಲಿಲ್ಲ. ಅದೇ ಕಂಪನಿಯ ಆರ್ಟ್ ಫ್ರೈ ಚರ್ಚಿನಲ್ಲಿ ಹಾಡುತ್ತಿದ್ದರು. ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿಗಳು ಜಾರಿ ಬೀಳುತ್ತಿದ್ದವು. 1974ರಲ್ಲಿ ಅವರಿಗೆ ಆ ಅಂಟಿನ ನೆನಪಾಯಿತು. ಹಾಳೆ ಹರಿಯದೆ ಅಂಟಬೇಕು, ಬೇಕಾದಾಗ ಬಿಡಬೇಕು. ಸೋತ ಅಂಟಿನ ಗುಣವೇ ಅದು!

ಗಮನವೊಂದೇ ಸಾಲದು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಚೀಟಿ ಬೀಳುವುದನ್ನು ನೋಡಿದವರು ಎಷ್ಟೋ ಜನ ಇದ್ದಿರಬೇಕು. ಫ್ರೈ ಅವರ ತಲೆಯಲ್ಲಿ ಇನ್ನೊಂದು ವಿಷಯ ಮೊದಲೇ ಕೂತಿತ್ತು. ಅದಕ್ಕೇ ಕಂಡದ್ದನ್ನು, ಉಪಯೋಗ ಕಾಣದಿದ್ದರೂ, ಬರೆದಿಟ್ಟುಕೊಳ್ಳಬೇಕು.

ಕಲೆಯಲ್ಲೂ ಇದು ಹೀಗೇ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಹುಡುಗರಾಗಿದ್ದಾಗ ಕಿಟಕಿಯಾಚೆ ಕಂಡದ್ದರ ಚಿತ್ರವನ್ನೆಲ್ಲ ಬರೆಯುತ್ತಿದ್ದರು. ಒಣ ಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಮುಖ್ಯವಾಗಿ ಕಾಗೆ. ವ್ಯಂಗ್ಯಚಿತ್ರಕಾರರಾಗಿ ಹೆಸರು ಮಾಡಿದ ಮೇಲೂ ಕಾಗೆಯನ್ನು ಬಿಡಲಿಲ್ಲ.

ಇನ್ನು ಬರೆದಿಡುವುದು ಹೇಗೆ? “ಬಸ್ಸಲ್ಲಿ ರಶ್ ಜಾಸ್ತಿ ಇತ್ತು” ಅಂತ ಬರೆದರೆ ನಾಳೆ ಅದರಿಂದ ಏನೂ ಹುಟ್ಟುವುದಿಲ್ಲ. ಹೀಗೆ ಬರೆದು ನೋಡಿ: “ಕಂಡಕ್ಟರ್ ಹತ್ತಿರ ಚಿಲ್ಲರೆ ಇರಲಿಲ್ಲ. ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಟ್ಟರು. ಇಳಿಯುವಾಗ ಒಬ್ಬ ಅಜ್ಜಿ ಟಿಕೆಟ್ ಹುಡುಕುತ್ತಾ ನಿಂತರು, ಹಿಂದಿನವರು ‘ಬೇಗ ಇಳೀರಮ್ಮ’ ಅಂತ ಕೂಗಿದರು.” ಯಾರು, ಏನು ಮಾಡಿದರು, ಎಲ್ಲಿ ತೊಡಕಾಯಿತು, ಮೂರೂ ಇದರಲ್ಲಿವೆ. ಕತೆ ಬರೆಯುವವರಿಗೆ ಆ ಅಜ್ಜಿ ಸಿಗುತ್ತಾರೆ. ಡಿಸೈನ್ ಓದುವವರು ಟಿಕೆಟ್ಟಿನ ಹಿಂಬದಿಯಿಂದ ಶುರು ಮಾಡಬಹುದು.